ಯಜಮಾನಿ ಸರಿ, ಖಾತೆ ಯಾರದು?

ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಎರಡು ಕಾಗದಗಳು ಎರಡು ಮಾತು ಹೇಳುತ್ತವೆ. ರೇಷನ್ ಕಾರ್ಡ್ ತೆಗೆದು ನೋಡಿದರೆ ಕುಟುಂಬದ ಮುಖ್ಯಸ್ಥೆ ಆ ಮನೆಯ ಹಿರಿಯ ಹೆಂಗಸು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೇ ಹಾಗೆ ವಿಧಿಸಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದಾಗ ಆ ‘ಯಜಮಾನಿ’ ಪಟ್ಟಕ್ಕೆ ತಿಂಗಳಿಗೆ 2,000 ರೂಪಾಯಿಯ ಬೆಲೆಯೂ ಬಂತು. ಅಲ್ಲಿಯವರೆಗೆ ಕಾರ್ಡಿನಲ್ಲಿ ತಮ್ಮ ಹೆಸರನ್ನೇ ಮೇಲಿಟ್ಟುಕೊಂಡಿದ್ದ ಗಂಡಸರು ತಿದ್ದುಪಡಿ ಮಾಡಿಸಲು ಓಡಾಡಿದರು. ಅದೇ ಮನೆಯ ಕಂದಾಯದ ರಸೀದಿ ತೆಗೆದರೆ ಮಾತು ಬೇರೆ. ಅಲ್ಲಿ ಹೆಸರು ಗಂಡನದು, ಇಲ್ಲವೇ ಮಾವನದು. ತೀರಿಹೋಗಿ ಇಪ್ಪತ್ತು ವರ್ಷವಾದ ಅಜ್ಜನ ಹೆಸರೂ ಇರಬಹುದು. ಗೇಟಿನ ಪಕ್ಕದ ಕಲ್ಲಿನಲ್ಲಿ ‘ಮಾತೃಕೃಪಾ’ ಎಂದು ಕೆತ್ತಿಸಿರುತ್ತಾರೆ, ಆ ಮಾತೆ ಮಾತ್ರ ಖಾತೆಯಲ್ಲಿ ಇರುವುದಿಲ್ಲ.

ಹಾಗಾದರೆ ಮನೆ ಎಷ್ಟು ಮಂದಿ ಹೆಣ್ಣುಮಕ್ಕಳ ಹೆಸರಲ್ಲಿದೆ? ಸರ್ಕಾರದ ಲೆಕ್ಕ ಕೇಳಿದರೆ ಖುಷಿಯಾಗುತ್ತದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 67.6ರಷ್ಟು ಮಂದಿ ಒಂಟಿಯಾಗಿ ಅಥವಾ ಜಂಟಿಯಾಗಿ ಮನೆ ಇಲ್ಲವೇ ಜಮೀನು ಹೊಂದಿದ್ದಾರೆ. 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 51.8 ಇತ್ತು. ಇಡೀ ದೇಶದ ಸರಾಸರಿ ಶೇ 43.3. ಇನ್ನೊಂದು ಅಂಶ ನಗರವಾಸಿಗಳ ಗರ್ವ ಇಳಿಸುವಂಥದ್ದು. ದೇಶದ ಹಳ್ಳಿಗಳಲ್ಲಿ ಈ ಪ್ರಮಾಣ ಶೇ 45.7 ಇದ್ದರೆ ನಗರಗಳಲ್ಲಿ ಶೇ 38.3 ಮಾತ್ರ.

ಇನ್ನೊಂದು ಲೆಕ್ಕವೂ ಇದೆ. 2010–11ರಲ್ಲಿ ಬೆಂಗಳೂರಿನ ಐಐಎಂನ ಹೇಮಾ ಸ್ವಾಮಿನಾಥನ್ ಮತ್ತು ಸಂಗಡಿಗರು ರಾಜ್ಯದ ಸುಮಾರು ನಾಲ್ಕು ಸಾವಿರ ಕುಟುಂಬಗಳಿಗೆ ಹೋಗಿ, ಮನೆಯಲ್ಲಿ ಯಾವ ಆಸ್ತಿ ಯಾರದು, ಅದರ ಬೆಲೆ ಎಷ್ಟು ಎಂದು ವಿಚಾರಿಸಿದರು. ಈಕ್ವೆಡಾರ್ ಮತ್ತು ಘಾನಾ ದೇಶಗಳಲ್ಲೂ ಇದೇ ಬಗೆಯ ಸಮೀಕ್ಷೆ ನಡೆಯಿತು. ಕುಟುಂಬಗಳ ಒಟ್ಟು ಭೌತಿಕ ಸಂಪತ್ತಿನಲ್ಲಿ ಹೆಂಗಸರ ಪಾಲು ಈಕ್ವೆಡಾರ್‌ನಲ್ಲಿ ಶೇ 52, ಘಾನಾದಲ್ಲಿ ಶೇ 30, ಕರ್ನಾಟಕದಲ್ಲಿ ಶೇ 19. ಗಂಡ ಹೆಂಡತಿ ಇಬ್ಬರ ಸಂಪತ್ತನ್ನು ಮಾತ್ರ ತೆಗೆದುಕೊಂಡರೆ ನಮ್ಮಲ್ಲಿ ಹೆಂಡತಿಯ ಪಾಲು ಶೇ 9ಕ್ಕೆ ಇಳಿಯುತ್ತದೆ.

ಶೇ 67.6 ಎಲ್ಲಿ, ಶೇ 9 ಎಲ್ಲಿ? ಎರಡೂ ಸುಳ್ಳಲ್ಲ. ನಡುವೆ ಹತ್ತು ವರ್ಷಗಳ ಅಂತರವಿದೆ, ಅದಕ್ಕಿಂತ ಮುಖ್ಯವಾಗಿ ಅಳತೆಯೇ ಬೇರೆ. ಆರೋಗ್ಯ ಸಮೀಕ್ಷೆಯ ಪ್ರಶ್ನೆಗೆ ‘ಹೌದು, ನಮ್ಮಿಬ್ಬರದೂ’ ಎಂದ ಪ್ರತಿಯೊಬ್ಬ ಹೆಂಗಸೂ ಒಂದು ತಲೆಯಾಗಿ ಲೆಕ್ಕಕ್ಕೆ ಸೇರುತ್ತಾಳೆ. ಗಂಡ ಕಟ್ಟಿಸಿದ ಮನೆಯನ್ನು ನಮ್ಮದು ಎನ್ನದ ಹೆಂಡತಿ ಎಲ್ಲಿದ್ದಾಳೆ? ಐಐಎಂನವರು ತಲೆ ಎಣಿಸುವುದರ ಜೊತೆಗೆ ಯಾರ ಪಾಲಿಗೆ ಎಷ್ಟು ಬೆಲೆಯ ಆಸ್ತಿ ಎಂಬುದನ್ನೂ ತೂಗಿದರು. ಹೀಗಾಗಿ ಹೆಸರುಗಳ ಸಂಖ್ಯೆ ನೋಡಿ ಬೀಗುವ ಮೊದಲು ಆ ಹೆಸರು ಯಾವ ದಾರಿಯಲ್ಲಿ ಬಂತು ಎಂದು ನೋಡಬೇಕು.

ಹಳ್ಳಿಗಳಲ್ಲಿ ಅದು ಬಂದದ್ದು ಹೆಚ್ಚಾಗಿ ಸರ್ಕಾರದ ದಾರಿಯಲ್ಲಿ. 1991–92ರಲ್ಲಿ ಆಶ್ರಯ ಯೋಜನೆ ಶುರುವಾಯಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2010ರಲ್ಲಿ ಬಸವ ವಸತಿ ಯೋಜನೆ ಬಂದವು. ಇವುಗಳಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೇ ಮಂಜೂರು ಮಾಡುವುದು ರೂಢಿಯಾಯಿತು. 2016ರ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಇದನ್ನು ಷರತ್ತನ್ನಾಗಿಯೇ ಮಾಡಿತು. ಮನೆ ಮಹಿಳೆಯ ಹೆಸರಲ್ಲಿರಬೇಕು, ಇಲ್ಲವೇ ಜಂಟಿಯಾಗಿರಬೇಕು. ಪಂಚಾಯಿತಿಯಿಂದ ಪಟ್ಟಿ ಬಂದ ಮೇಲೆ ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತಹಂತಕ್ಕೂ ಜಿಪಿಎಸ್ ಫೋಟೊ ಅಪ್‌ಲೋಡ್ ಆಗಬೇಕು, ಆಮೇಲೆ ಕಂತು ಬಿಡುಗಡೆ. ಅರ್ಧ ಎದ್ದ ಗೋಡೆಯ ಮುಂದೆ ಸೆರಗು ಸರಿಮಾಡಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಹೆಂಗಸರ ಅಂಥ ಫೋಟೊಗಳನ್ನು ಪಂಚಾಯಿತಿ ಕಚೇರಿಗಳ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಬಹುಶಃ ಅವರಲ್ಲಿ ಒಬ್ಬೊಬ್ಬಳೂ ತನ್ನ ವಂಶದಲ್ಲಿ ಮನೆಯೊಂದರ ಒಡತಿ ಎಂದು ಫೋಟೊಗೆ ನಿಂತ ಮೊದಲ ಹೆಂಗಸು.

ಆದರೆ ಸಹಾಯಧನದಲ್ಲಿ ಮನೆ ಪೂರ್ತಿಯಾಗುವುದಿಲ್ಲ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಗಳಿಗೆ ಸಿಗುವುದು 1.2 ಲಕ್ಷ ರೂಪಾಯಿ. ಉಳಿದದ್ದಕ್ಕೆ ಸಂಘದ ಸಾಲ, ಆ ಸಾಲಕ್ಕೂ ಸಹಿ ಅವಳದೇ. ಮನೆ ಅವಳ ಹೆಸರಿಗೆ, ವಾರದ ಕಂತೂ ಅವಳ ತಲೆಗೆ. ನಿವೇಶನ ಮಾವನ ಹೆಸರಲ್ಲೇ ಉಳಿದಿದ್ದರೆ ಇನ್ನೂ ಗೋಜಲು: ಗೋಡೆ ಸೊಸೆಯದು, ನೆಲ ಮಾವನದು. ನಾಳೆ ಮೈದುನಂದಿರು ಪಾಲು ಕೇಳಿದಾಗ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9, ನಮೂನೆ 11ರಲ್ಲಿ ಯಾರ ಹೆಸರಿದೆ ಎಂಬುದೇ ಜಗಳದ ಮೊದಲ ಪ್ರಶ್ನೆ.

ಪೇಟೆಯ ದಾರಿ ಬೇರೆ. ಅಲ್ಲಿ ಹೆಸರು ಕೂಡಿಸುವುದು ಬ್ಯಾಂಕು. ಇಬ್ಬರ ಸಂಬಳ ಸೇರಿದರೆ ಮಾತ್ರ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟ್ ಕೈಗೆಟುಕುವುದು, ಹಾಗಾಗಿ ಸಾಲಕ್ಕೆ ಇಬ್ಬರ ಸಹಿ, ಕ್ರಯಪತ್ರದಲ್ಲಿ ಇಬ್ಬರ ಹೆಸರು. ಹಳೆಯ ತೆರಿಗೆ ಪದ್ಧತಿಯಲ್ಲಿ ಇಬ್ಬರೂ ಪ್ರತ್ಯೇಕವಾಗಿ ಬಡ್ಡಿಯ ಮೇಲೆ 2 ಲಕ್ಷದವರೆಗೆ ವಿನಾಯಿತಿ ಪಡೆಯಬಹುದೆಂಬ ಲೆಕ್ಕಾಚಾರವೂ ಇದಕ್ಕೆ ಸೇರಿಕೊಂಡಿತು. ಒಂಟಿಯಾಗಿ ದುಡಿದು ಒಂಟಿಯಾಗಿಯೇ ಮನೆ ಕೊಳ್ಳುವ ಹೆಣ್ಣುಮಕ್ಕಳೂ ಈಗ ಬಿಲ್ಡರುಗಳಿಗೆ ಹೊಸಬರಲ್ಲ. ಇಪ್ಪತ್ತು ವರ್ಷದ ಹಿಂದೆ ‘ಯಜಮಾನರನ್ನು ಕರೆದುಕೊಂಡು ಬನ್ನಿ ಮೇಡಂ’ ಎಂದು ವಾಪಸು ಕಳಿಸುತ್ತಿದ್ದ ಸೇಲ್ಸ್ ಆಫೀಸಿನವರು ಈಗ ಕಾಫಿ ಕೊಟ್ಟು ಕೂರಿಸುತ್ತಾರೆ.

ಬ್ಯಾಂಕುಗಳು ಮಹಿಳೆಯರಿಗೆ ಬಡ್ಡಿಯಲ್ಲಿ ರಿಯಾಯಿತಿ ಎಂದು ದೊಡ್ಡದಾಗಿ ಬೋರ್ಡು ಹಾಕುತ್ತವೆ. ಸಾಮಾನ್ಯವಾಗಿ ಅದು ಶೇ 0.05. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 50 ಲಕ್ಷ ಸಾಲ ಮಾಡಿದವಳಿಗೆ ಇದರಿಂದ ಉಳಿಯುವುದು ತಿಂಗಳಿಗೆ 150 ರೂಪಾಯಿ ಚಿಲ್ಲರೆ. ನಿಜವಾದ ವ್ಯತ್ಯಾಸ ಮಾಡಬಲ್ಲದ್ದು ಮುದ್ರಾಂಕ ಶುಲ್ಕ. ದೆಹಲಿಯಲ್ಲಿ ಅದು ಗಂಡಸಿಗಿಂತ ಹೆಂಗಸಿಗೆ ಶೇ 2ರಷ್ಟು ಕಡಿಮೆ. 60 ಲಕ್ಷದ ಮನೆಗೆ 1.2 ಲಕ್ಷ ರೂಪಾಯಿ ಉಳಿಯಿತು. ಮಹಾರಾಷ್ಟ್ರ 2021ರಲ್ಲಿ ಶೇ 1ರಷ್ಟು ರಿಯಾಯಿತಿ ಕೊಟ್ಟಿತು. ಜೊತೆಗೆ ಆ ಮನೆಯನ್ನು 15 ವರ್ಷ ಗಂಡಸರಿಗೆ ಮಾರುವಂತಿಲ್ಲ ಎಂಬ ವಿಚಿತ್ರ ಷರತ್ತನ್ನೂ ಹಾಕಿ, 2023ರಲ್ಲಿ ಕೈಬಿಟ್ಟಿತು. ಕರ್ನಾಟಕದಲ್ಲಿ ಇಂಥ ರಿಯಾಯಿತಿಯೇ ಇಲ್ಲ. 45 ಲಕ್ಷ ದಾಟಿದ ಮನೆಗೆ ಹೆಣ್ಣಿಗೂ ಗಂಡಿಗೂ ಒಂದೇ ಶೇ 5. ಯಜಮಾನಿಯ ಹೆಸರಲ್ಲಿ ಇಷ್ಟೆಲ್ಲ ಯೋಜನೆ ಮಾಡುವ ರಾಜ್ಯ ಇಲ್ಲೇಕೆ ಹಿಂದೆ ಬಿತ್ತೋ ತಿಳಿಯದು.

‘ಹೆಸರಿಗೆ ಮಾತ್ರ ತಾನೇ’ ಎನ್ನುವವರಿದ್ದಾರೆ. ಗಂಡ ತನ್ನ ವ್ಯವಹಾರದ ಸಾಲಗಾರರಿಂದ ತಪ್ಪಿಸಲು ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿರುತ್ತಾನೆ, ಮರುದಿನವೇ ಅವಳಿಂದ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬರೆಸಿಕೊಂಡಿರುತ್ತಾನೆ. ಇದೂ ನಡೆಯುತ್ತದೆ. ಆದರೂ ಹೆಸರಿನ ಬೆಲೆ ಕಮ್ಮಿಯಲ್ಲ ಎಂಬುದಕ್ಕೆ ಪಕ್ಕದ ಕೇರಳದ ಒಂದು ಅಧ್ಯಯನವಿದೆ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯಲ್ಲಿ ಮದುವೆಯಾದ ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ್ದು. ಮನೆಯೂ ಇಲ್ಲದ, ಜಮೀನೂ ಇಲ್ಲದ ಹೆಂಗಸರಲ್ಲಿ ಶೇ 49ರಷ್ಟು ಮಂದಿ ಗಂಡನಿಂದ ದೀರ್ಘಕಾಲ ಹೊಡೆತ ತಿಂದಿದ್ದರು. ಜಮೀನು ಮಾತ್ರ ಇದ್ದವರಲ್ಲಿ ಆ ಪ್ರಮಾಣ ಶೇ 18, ಮನೆ ಮಾತ್ರ ಇದ್ದವರಲ್ಲಿ ಶೇ 10, ಎರಡೂ ಇದ್ದವರಲ್ಲಿ ಶೇ 7. ಹೊಡೆತ ತಾಳದೆ ಮನೆ ಬಿಟ್ಟು ಹೊರಟವರ ಲೆಕ್ಕವೂ ಅದರಲ್ಲಿದೆ. ಆಸ್ತಿ ಇದ್ದವರಲ್ಲಿ ಶೇ 71 ಮಂದಿ ಹೊರಟರೆ ಇಲ್ಲದವರಲ್ಲಿ ಶೇ 19 ಮಂದಿ ಮಾತ್ರ. ವಾಪಸು ಬಂದವರಲ್ಲಿ ಹೆಚ್ಚಿನವರು ಆಸ್ತಿ ಇಲ್ಲದವರೇ. ಹೋಗಲು ಜಾಗವಿದೆ ಎಂದು ಅವಳಿಗೆ ಗೊತ್ತಿರುವುದಷ್ಟೇ ಅಲ್ಲ, ಅದು ಅವನಿಗೂ ಗೊತ್ತಿರುತ್ತದೆ. ಹೊಲಕ್ಕಿಂತ ಮನೆ ಹೆಚ್ಚು ಕಾಪಾಡಿದ್ದು ಇದಕ್ಕೇ ಇರಬೇಕು.

ದುಡಿಮೆ ಮನೆಯೊಳಗೇ ಇದ್ದವಳ ಕಥೆ ಏನು? ಮದುವೆಯ ನಂತರ ಸಂಪಾದಿಸಿದ್ದು ಇಬ್ಬರದೂ ಎಂಬ ನಿಯಮ ಈಕ್ವೆಡಾರ್‌ನಲ್ಲಿದೆ, ಅಲ್ಲಿನ ಹೆಂಗಸರ ಪಾಲು ದೊಡ್ಡದಾಗಲು ಅದೊಂದು ಮುಖ್ಯ ಕಾರಣ. ಅಷ್ಟು ದೂರ ಹೋಗಬೇಕಿಲ್ಲ. ಕಾರವಾರ ದಾಟಿ ಮಾಜಾಳಿಯ ಗಡಿಯಾಚೆಗೆ ಹೋದರೆ ಗೋವಾದಲ್ಲಿ ಪೋರ್ಚುಗೀಸರು ಬಿಟ್ಟುಹೋದ ನಾಗರಿಕ ಸಂಹಿತೆ ಅಲ್ಲಿನ ದಂಪತಿಗಳನ್ನು ಸಾಮಾನ್ಯವಾಗಿ ಆಸ್ತಿಯ ಸಮಪಾಲುದಾರರೆಂದೇ ನೋಡುತ್ತದೆ. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಮನೆ ಮಾರುವಂತಿಲ್ಲ. ಗಡಿಯ ಈಚೆಗೆ ಯಾರ ಹೆಸರಲ್ಲಿ ಕ್ರಯಪತ್ರವೋ ಅವರದೇ ಮನೆ. ಮೂವತ್ತು ವರ್ಷ ಒಲೆ ಹಚ್ಚಿದವಳಿಗೆ ವಿಚ್ಛೇದನದ ದಿನ ಜೀವನಾಂಶ ಸಿಗಬಹುದು, ಮನೆಯಲ್ಲಿ ಪಾಲು ಸಿಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿರುವುದು ವಾಸದ ಹಕ್ಕು, ಅಂದರೆ ಹೊರಗೆ ಹಾಕಬಾರದು ಅಂತ. ಮನೆ ಆಕೆಯದಾಗುವುದಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಕೊಡುಗೆಯೇ, ಆಕೆಗೆ ಸಮಪಾಲು ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಒಳ್ಳೆಯ ತೀರ್ಪು. ಆದರೆ ಅದನ್ನು ಕಾನೂನಾಗಿ ಬರೆಯುವವರು ಮುಂದೆ ಬಂದಿಲ್ಲ.

ಇನ್ನು ತವರಿನ ದಾರಿ. ಹಕ್ಕು ಹೆಚ್ಚು ಬಲವಾಗಿರುವುದು ಇಲ್ಲಿ, ಹೆಸರು ಕಡಿಮೆ ಬರುವುದೂ ಇಲ್ಲಿಯೇ.

ನಮ್ಮ ನಾಡು ಈ ವಿಷಯದಲ್ಲಿ ಒಂದು ಕಾಲಕ್ಕೆ ಮುಂದಿತ್ತು. ಬ್ರಿಟಿಷ್ ಇಂಡಿಯಾ 1937ರಲ್ಲಿ ವಿಧವೆಯರ ಆಸ್ತಿ ಹಕ್ಕಿನ ಬಗ್ಗೆ ಕಾಯ್ದೆ ಮಾಡುವ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಕುಟುಂಬದ ವಿಭಾಗದಲ್ಲಿ ಹೆಂಗಸರಿಗೂ ಪಾಲು ಕೊಟ್ಟಿತು. ಕರಾವಳಿಯ ಅಳಿಯಸಂತಾನದಲ್ಲಂತೂ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದಲೇ ಹರಿಯುತ್ತಿದ್ದವು. ಯಜಮಾನಿಕೆಯ ಗದ್ದುಗೆಯಲ್ಲಿ ಸಾಮಾನ್ಯವಾಗಿ ಸೋದರಮಾವ ಕೂತಿರುತ್ತಿದ್ದ ಎಂಬುದು ಬೇರೆ ಮಾತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಆಸ್ತಿ ಪೂರ್ತಿ ಅವಳದೇ ಎಂದಿತು. ಅದೇ ಕಾಯ್ದೆಯ 23ನೇ ಸೆಕ್ಷನ್ ಮಾತ್ರ ವಾಸದ ಮನೆಯ ಬಾಗಿಲಿಗೆ ಅಗುಳಿ ಹಾಕಿತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಮಗಳು ಅಪ್ಪನ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ವಾಸ ಮಾಡುವ ಹಕ್ಕಾದರೂ ಇತ್ತೇ ಎಂದರೆ ಅವಳಿಗೆ ಮದುವೆಯಾಗಿರಬಾರದು, ಇಲ್ಲವೇ ಗಂಡ ಬಿಟ್ಟಿರಬೇಕು, ಅವನಿಂದ ದೂರವಾಗಿರಬೇಕು, ಅಥವಾ ಅವನು ಸತ್ತಿರಬೇಕು. ಗಂಡನ ಜೊತೆ ಸುಖವಾಗಿರುವ ಮಗಳಿಗೆ ಹುಟ್ಟಿದ ಮನೆಯಲ್ಲಿ ಮಲಗುವ ಹಕ್ಕೂ ಇರಲಿಲ್ಲ. ಸ್ವತಂತ್ರ ಭಾರತದ ಈ ಕಾನೂನು 49 ವರ್ಷ ನಡೆಯಿತು. 2005ರಲ್ಲಿ ಅದನ್ನು ಕಿತ್ತುಹಾಕಿದರು.

ಈ ನಡುವೆ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತ್ತು. 1994ರ ಜುಲೈ 30ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಪಾಲು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ. ಒಂದೇ ಮನೆಯಲ್ಲಿ 1993ರಲ್ಲಿ ಧಾರೆ ಎರೆಸಿಕೊಂಡ ಅಕ್ಕ ಹೊರಗೆ, 1995ರಲ್ಲಿ ಎರೆಸಿಕೊಂಡ ತಂಗಿ ಒಳಗೆ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದ ಅಳಿಸಿತು, ಆದರೆ ಹೊಸದೊಂದು ಜಗಳ ಹುಟ್ಟಿತು: ಆ ದಿನ ಅಪ್ಪ ಬದುಕಿರಬೇಕಿತ್ತೇ? ಬೇಕಿತ್ತು ಎಂದಿತು 2015ರ ಪ್ರಕಾಶ್–ಫೂಲಾವತಿ ಪ್ರಕರಣದ ತೀರ್ಪು. ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು 2018ರ ದಾನಮ್ಮ ಪ್ರಕರಣದ ತೀರ್ಪು. ಎರಡೂ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಪಾಲು ಹುಟ್ಟಿನಿಂದ ಬರುವಂಥದ್ದು, ಅಪ್ಪ ಅಂದು ಇದ್ದನೋ ಇಲ್ಲವೋ ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ವಿಭಾಗವಾಗಿದ್ದರೆ ಅದನ್ನು ಕೆದಕುವಂತಿಲ್ಲ. ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ಮಾತ್ರ ಸುಲಭಕ್ಕೆ ಒಪ್ಪಲಾಗದು ಎಂದೂ ಹೇಳಿತು.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ ಮಗಳು ಸಮಾನರು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು. ಪುಸ್ತಕದಲ್ಲಿ ಇಷ್ಟೆಲ್ಲ ಇದೆ.

ಪುಸ್ತಕದಿಂದ ಊರಿಗೆ ಬರೋಣ. ತಾಲ್ಲೂಕು ಕೇಂದ್ರದ ಯಾವುದೇ ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಒಂದು ಮಧ್ಯಾಹ್ನ ಕೂತು ನೋಡಿ. ಇಬ್ಬರೋ ಮೂವರೋ ಅಕ್ಕತಂಗಿಯರು ಒಳ್ಳೆಯ ಸೀರೆ ಉಟ್ಟು, ಬೆಳಗಿನ ಬಸ್ಸಿಗೆ ಗಂಡನ ಊರಿಂದ ಬಂದಿರುತ್ತಾರೆ. ತಮ್ಮನ ಕೈಯಲ್ಲಿ ಎಲ್ಲರ ಆಧಾರ್ ಜೆರಾಕ್ಸ್. ಪತ್ರ ಬರಹಗಾರರು ಹಕ್ಕು ಬಿಡುಗಡೆ ಪತ್ರವನ್ನು ಮಂತ್ರದ ಹಾಗೆ ಓದಿ ಮುಗಿಸುತ್ತಾರೆ. ಮದುವೆಯ ಕಾಲದಲ್ಲಿ ಒಡವೆ ವಸ್ತ್ರ ಕೊಟ್ಟು ನಮ್ಮನ್ನು ಸಂತೃಪ್ತಿಪಡಿಸಿರುವುದರಿಂದ, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಎಂಬ ಸಾಲುಗಳು ಕಿವಿಗೆ ಬೀಳುತ್ತವೆ. ಯಾರಾದರೂ ಓದಲು ಕಾಗದ ಕೈಗೆತ್ತಿಕೊಂಡರೆ, ‘ಓದೋದೇನಿದೆ ಬಿಡಕ್ಕ, ನಾನೇನು ನಿಂಗೆ ಬೇರೆಯವನಾ?’ ಒಳಗೆ ಕ್ಯಾಮೆರಾದ ಮುಂದೆ ಫೋಟೊ, ಯಂತ್ರದ ಮೇಲೆ ಹೆಬ್ಬೆಟ್ಟು. ಐದೇ ನಿಮಿಷ. ಆಮೇಲೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ತಮ್ಮನ ಖರ್ಚಿನಲ್ಲಿ ಊಟ.

ಹೀಗೆ ಸಹಿ ಹಾಕುವವರನ್ನು ದಡ್ಡರೆನ್ನುವುದು ಸುಲಭ. ಅವರಿಗೂ ಲೆಕ್ಕ ಗೊತ್ತು. ಗೌರಿ ಹಬ್ಬಕ್ಕೆ ಬಾಗಿನ ತರುವವನು ಅವನು, ಮಗಳ ಮದುವೆಯಲ್ಲಿ ಸೋದರಮಾವನಾಗಿ ನಿಲ್ಲುವವನು ಅವನು. ನಾಳೆ ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ಚೀಲ ಹಿಡಿದು ಬರಬೇಕಾದದ್ದು ಅವನ ಮನೆಗೇ. ಆ ಬಾಗಿಲು ತೆರೆದಿರಲಿ ಎಂದು ಅವಳು ಪಾಲು ಬಿಡುತ್ತಾಳೆ. ಮನೆಯ ಒಡೆತನ ಕೊಟ್ಟು ಅದೇ ಮನೆಯಲ್ಲಿ ನೆಂಟಳಾಗಿ ಉಳಿಯುವ ವ್ಯವಹಾರ ಇದು. ಅಪ್ಪ ಅಮ್ಮನನ್ನು ನೋಡಿಕೊಂಡು, ಊರಲ್ಲೇ ಉಳಿದು, ಹಳೆ ಸಾಲ ತೀರಿಸಿದ ತಮ್ಮನಿಗೂ ಒಂದು ನ್ಯಾಯವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಆ ನ್ಯಾಯವನ್ನು ಲೆಕ್ಕ ಹಾಕಿ ಪಾಲಿನಲ್ಲಿ ಹಿಡಿದುಕೊಳ್ಳಬಹುದು. ಹೆಣ್ಣಿನ ಹೆಸರನ್ನೇ ಅಳಿಸುವುದು ಲೆಕ್ಕವಲ್ಲ.

ಕೆಲವು ಮನೆಗಳಲ್ಲಿ ಸಹಿಯ ಶಾಸ್ತ್ರವೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ವಂಶವೃಕ್ಷ ಮಾಡಿಸುವಾಗಲೇ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುತ್ತದೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿರುವ ಕುಟುಂಬ ಕಾಗದದಲ್ಲಿ ಮೂವರು ಮಕ್ಕಳ ಕುಟುಂಬವಾಗುತ್ತದೆ. ಇದು ಪತ್ತೆಯಾಗುವುದು ಎಷ್ಟೋ ವರ್ಷದ ನಂತರ, ಸೈಟಿನ ಬೆಲೆ ಏರಿ ಕೊಳ್ಳುವವನ ವಕೀಲರು ‘ಹೆಣ್ಣುಮಕ್ಕಳ ಸಹಿ ಎಲ್ಲಿ?’ ಎಂದು ಕೇಳಿದಾಗ. ರಿಂಗ್ ರಸ್ತೆಗಳು ಹಾದುಹೋದ ಊರುಗಳಲ್ಲಿ ಮರೆತ ಅಕ್ಕಂದಿರು ಹೀಗೆ ದಿಢೀರನೆ ನೆನಪಾಗುತ್ತಾರೆ.

ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಬಹಳ ಕಡಿಮೆ. ಊರು ಯಾವುದು ಎಂಬುದರ ಮೇಲೆ 1,000ದಿಂದ 5,000 ರೂಪಾಯಿ ಆಸುಪಾಸು. ಹಕ್ಕು ಬಿಡುಗಡೆ ಪತ್ರವೂ ಹೀಗೇ ಅಗ್ಗ. ಅಂದರೆ ತಮ್ಮನ ಹೆಸರಿಗೆ ಬಿಟ್ಟುಕೊಡುವಷ್ಟೇ ಸುಲಭವಾಗಿ ಹೆಂಡತಿಯ ಹೆಸರಿಗೋ ಮಗಳ ಹೆಸರಿಗೋ ಬರೆಯಬಹುದು. ಹಳ್ಳಿ ಮನೆಗಳಿಗೆ 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಸಮೀಕ್ಷೆ ನಡೆದು ಆಸ್ತಿ ಕಾರ್ಡ್ ಬರುತ್ತಿದೆ, ಬೆಂಗಳೂರಿನಲ್ಲಿ 2024ರಿಂದ ಇ-ಖಾತೆಯ ಓಡಾಟ. ತಲೆಮಾರುಗಳಿಂದ ಕಾಗದವೇ ಇಲ್ಲದ ಮನೆಗಳಿಗೆ ಮೊದಲ ಸಲ ಕಾಗದ ಸಿಗುತ್ತಿರುವ ಹೊತ್ತು ಇದು. ಈಗ ಒಂದೇ ಹೆಸರು ಕೂತರೆ ಮುಂದಿನ ಐವತ್ತು ವರ್ಷ ಅದೇ ನಡೆಯುತ್ತದೆ. ಆಸ್ತಿ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕೆಂದು ಒಂದು ಸುತ್ತೋಲೆ ಹೊರಡಿಸಲು ಸರ್ಕಾರಕ್ಕೆ ಹಣ ಬೇಕಿಲ್ಲ.

ಹೆಸರು ಬಂದವರಿಗೂ ಒಂದು ಮಾತು ಹೇಳಲೇಬೇಕು. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅವಳು ದುಡಿದು ಮಾಡಿದ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಆಮೇಲೆ. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯವರು ಹೊರಹಾಕಿದ ಮೇಲೆ ತವರಿನ ಆಸರೆಯಲ್ಲಿ ಓದಿ, ಕೆಲಸ ಹಿಡಿದು ಉಳಿತಾಯ ಮಾಡಿದ್ದ ಹೆಂಗಸೊಬ್ಬಳ ಹಣವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಅದೇ ಗಂಡನ ಕಡೆಯವರಿಗೆ ಕೊಡಬೇಕಾಯಿತು. ಕಾನೂನು ಹಾಗಿತ್ತು, ಈಗಲೂ ಹಾಗೇ ಇದೆ. ಹೆಂಗಸರು, ಅದರಲ್ಲೂ ಹಿಂದೂ ಹೆಂಗಸರು, ತಪ್ಪದೆ ಉಯಿಲು ಬರೆದಿಡಬೇಕೆಂದು 2025ರ ನವೆಂಬರ್‌ನಲ್ಲಿ ಆ ಕೋರ್ಟೇ ಮನವಿ ಮಾಡಿಕೊಂಡಿತು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಪಡೆದರೆ ಸಾಕು.